ಒಬ್ಬರ ಅಚ್ಚಿಗೆ ಇನ್ನೊಬ್ಬರ ಕೈ

ಧಡ್. ಆಮೇಲೆ ಸರ್ರನೆ ಜಾರುವ ಸದ್ದು. ಮತ್ತೆ ಧಡ್.

ಮನೆಯ ಹಿಂಬದಿಯ ಐಸ್ ಫ್ಯಾಕ್ಟರಿಯಲ್ಲಿ ಬೆಳಿಗ್ಗೆ ಐದೂವರೆಗೆ ಮಂಜುಗಡ್ಡೆಯ ದಿಮ್ಮಿಗಳನ್ನು ಹಲಗೆಯ ಮೇಲೆ ಜಾರಿಸಿ ಲಾರಿಗೆ ತುಂಬುತ್ತಾರೆ. ಹುಟ್ಟಿದಾಗಿನಿಂದ ಕೇಳಿದ ಸದ್ದು. ಅದಕ್ಕೆ ಅವಳಿಗೆ ಎಂದೂ ಎಚ್ಚರವಾದದ್ದಿಲ್ಲ. ಆ ಶುಕ್ರವಾರ ಮಾತ್ರ ಸದ್ದು ಶುರುವಾಗುವ ಮೊದಲೇ ಎದ್ದು ಕೂತಿದ್ದಳು. ಒಂದೊಂದು ದಿಮ್ಮಿ ಬಿದ್ದಾಗಲೂ ಕಿಟಕಿಯ ಗಾಜು ಸಣ್ಣಗೆ ನಡುಗುವುದನ್ನು ಮೊದಲ ಸಲ ಗಮನಿಸಿದಳು.

ಸಂಜೆ ಐದಕ್ಕೆ ಗಡುವು. ದೂರದ ದೇಶದ ಒಂದು ವಿಶ್ವವಿದ್ಯಾಲಯ ಎರಡು ವರ್ಷದ ಮಾಸ್ಟರ್ಸ್ ಓದಿಗೆ ಅವಳಿಗೊಂದು ಸೀಟು ಕೊಟ್ಟಿತ್ತು. ಪತ್ರದ ಕೊನೆಯಲ್ಲಿ ಎರಡು ಗುಂಡಿ. ಒಂದು ಒತ್ತಿದರೆ ಒಪ್ಪಿದಂತೆ, ಇನ್ನೊಂದು ಒತ್ತಿದರೆ ಬೇಡವೆಂದಂತೆ. ಎರಡನ್ನೂ ಒತ್ತದೆ ಐದು ಗಂಟೆ ದಾಟಿದರೆ ಸೀಟು ಪಟ್ಟಿಯಲ್ಲಿ ಮುಂದಿನವರಿಗೆ. ಮುಂದಿನ ವರ್ಷಕ್ಕೆ ಕಾದಿರಿಸುವುದಿಲ್ಲ ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದರು. ಪತ್ರ ಬಂದು ಹತ್ತೊಂಬತ್ತು ದಿನವಾಗಿತ್ತು. ಫೀಸಿನ ಚಿಂತೆ ಇರಲಿಲ್ಲ, ಅದನ್ನು ಅವರೇ ಬಿಟ್ಟುಕೊಟ್ಟಿದ್ದರು. ಬೇಡವೆನ್ನಲು ಇದ್ದ ಆ ಒಂದು ಕಾರಣವೂ ಕೈ ತಪ್ಪಿದ್ದರಿಂದ ಅವಳಿಗೆ ಒಳಗೊಳಗೇ ಸಿಟ್ಟು ಬಂದಿತ್ತು.

"ಏನ್ ಸುಣ್ಣಿ, ಒತ್ತಿದ್ಯೋ ಇಲ್ವೋ?" ಅಣ್ಣ ಬಾಯಿ ತುಂಬ ನೊರೆ ಇಟ್ಟುಕೊಂಡೇ ಕೇಳಿದ.

ದಿನವೂ ಹುಬ್ಬಿಗೆ, ಕೂದಲಿಗೆ ಪ್ಲಾಸ್ಟರ್ ಪುಡಿ ಮೆತ್ತಿಕೊಂಡು ಮನೆಗೆ ಬರುವ ತಂಗಿಗೆ ಅವನು ಇಟ್ಟ ಹೆಸರು ಸುಣ್ಣಿ. ಎಂಟು ವರ್ಷದಲ್ಲಿ ಅದು ಬೀದಿಗೂ ಹಬ್ಬಿ, ಆಸ್ಪತ್ರೆಗೂ ಹೋಗಿ, ಈಗ ಅವಳ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು.

"ಇನ್ನೂ ಇಲ್ಲ."

"ಹತ್ತೊಂಬತ್ತು ದಿನದಿಂದ ಒಂದು ಗುಂಡಿ ಒತ್ತೋಕಾಗಿಲ್ಲ. ಜನಕ್ಕೆ ಕಾಲು ಮಾಡಿ ನಡೆಸ್ತಾಳಂತೆ!"

"ಮೊದಲು ಬಾಯಿ ತೊಳ್ಕೊಂಡು ಮಾತಾಡಿ, ಕನ್ನಡಿಗೆಲ್ಲ ಸಿಡೀತಿದೆ," ಎಂದಳು ಅತ್ತಿಗೆ. "ಒಂದು ಜೊತೆ ಚಪ್ಪಲಿಗೆ ನನ್ನನ್ನ ಮೂರು ಅಂಗಡಿ ಸುತ್ತಿಸಿ, ಕೊನೆಗೆ ಮೊದಲನೇ ಅಂಗಡಿಗೇ ಕರ್ಕೊಂಡು ಬಂದೋರು ಯಾರು?"

ಅಣ್ಣ ನಕ್ಕ. ಸುಣ್ಣಿಯೂ ನಗಬೇಕೆಂದುಕೊಂಡಳು, ಆಗಲಿಲ್ಲ.

ಅಮ್ಮ ಮಾತ್ರ ತಲೆ ಎತ್ತಲಿಲ್ಲ. ಷರ್ಟಿನ ಕಾಲರ್ ಹೊಲಿಯುವ ಕೆಲಸ ಅವಳದು. ಗಾರ್ಮೆಂಟ್ ಫ್ಯಾಕ್ಟರಿಗೆ ಹೊರಡುವ ಮುಂಚೆ ಮನೆಯಲ್ಲೂ ಒಂದು ಗಂಟೆ ಹೊಲಿಯುತ್ತಿದ್ದಳು. ಸೂಜಿ ನಿಲ್ಲಿಸದೆ ಹೇಳಿದಳು: "ನಾನೇನು ನಿನ್ನ ಕಾಲು ಹಿಡ್ಕೊಂಡಿದೀನಾ? ಹೋಗು ಅಂತ ಮೊದಲ ದಿನವೇ ಅಂದೆ. ನಾಳೆ ಯಾರಾದ್ರೂ ಕೇಳಿದ್ರೆ ಅಮ್ಮನ ನೆಪ ಹೇಳೋ ಹಾಗಿಲ್ಲ."

"ನಿನ್ನ ನೆಪ ಯಾರಮ್ಮ ಹೇಳಿದ್ದು?"

"ಮತ್ತೆ ಯಾರದ್ದು ಹೇಳ್ತೀಯ?"

ಸುಣ್ಣಿ ಊಟದ ಡಬ್ಬಿ ತೆಗೆದುಕೊಂಡು ಹೊರಬಿದ್ದಳು.

ಹೇಳುವುದಕ್ಕೆ ಒಂದು ಕಾರಣ ಇತ್ತು, ಮತ್ತು ಅದು ನೆಪವಲ್ಲ ಎಂದು ಅವಳು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು. ಆ ಕಾರಣ ಕಾರ್ಯಾಗಾರದ ಕಪಾಟಿನ ಮೂರನೇ ಸಾಲಿನಲ್ಲಿ, ಬಲತುದಿಯಲ್ಲಿ ನಿಂತಿತ್ತು.

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಕೋಣೆಯ ಕೆಳಗೆ, ಕೃತಕ ಕಾಲಿನ ಕಾರ್ಯಾಗಾರ. ಗಾಡಿ ಹಾಯ್ದು, ಯಂತ್ರಕ್ಕೆ ಸಿಕ್ಕಿ, ಸಕ್ಕರೆ ಕಾಯಿಲೆಗೆ ಕಾಲು ಕಳೆದುಕೊಂಡವರು ಇಳಿಜಾರಿನಲ್ಲಿ ಊರುಗೋಲು ಊರಿಕೊಂಡು ಇಳಿದು ಬರುತ್ತಾರೆ. ಉಳಿದ ಕಾಲಿನ ಮೇಲೆ, ಚರ್ಮದಡಿಯ ಮೂಳೆ ಎಲ್ಲೆಲ್ಲಿ ಮೊನಚಾಗಿದೆಯೋ ಅಲ್ಲೆಲ್ಲ ನೇರಳೆ ಪೆನ್ಸಿಲಿನಿಂದ ಗುರುತು ಹಾಕುತ್ತಾರೆ. ಅದಕ್ಕೊಂದು ತೆಳು ಹತ್ತಿಯ ಚೀಲ ತೊಡಿಸಿ, ಚೀಲದ ಲಾಡಿಯನ್ನು ಸೊಂಟಕ್ಕೆ ಬಿಗಿದು, ಮೇಲೆ ಒದ್ದೆ ಪ್ಲಾಸ್ಟರ್ ಪಟ್ಟಿ ಸುತ್ತುತ್ತಾರೆ. ಗಟ್ಟಿಯಾದ ಮೇಲೆ ಕಳಚಿ ಅದರೊಳಗೆ ಪ್ಲಾಸ್ಟರ್ ಹುಯ್ದರೆ ಅಚ್ಚು ಸಿಗುತ್ತದೆ. ನೇರಳೆ ಗುರುತೆಲ್ಲ ಒದ್ದೆಯಲ್ಲಿ ಒಂದರಿಂದ ಒಂದಕ್ಕೆ ಅಂಟಿ, ಕೊನೆಗೆ ಅಚ್ಚಿನ ಮೈಮೇಲೆ ಬಂದು ಕೂರುತ್ತವೆ. ಭಾರ ಹೊರುವ ಕಡೆ ಅರದಿಂದ ಕೆರೆದು, ಮೂಳೆಯ ಗುರುತಿರುವ ಕಡೆ ಪ್ಲಾಸ್ಟರ್ ತುಂಬಿ, ಅದರ ಮೇಲೆ ಬಿಸಿ ಪ್ಲಾಸ್ಟಿಕ್ ಎಳೆದರೆ ಕಾಲು ಕೂರುವ ಬಟ್ಟಲು ತಯಾರು. ಎಷ್ಟು ಕೆರೆಯಬೇಕು, ಎಷ್ಟು ತುಂಬಬೇಕು? ಅದನ್ನು ಯಾರೂ ಬರೆದಿಟ್ಟಿರಲಿಲ್ಲ. ಕೇಳಿದರೆ ಮೇಸ್ತ್ರಿ ತಮ್ಮ ಸೊಟ್ಟ ಹೆಬ್ಬೆರಳು ತೋರಿಸಿ, "ಕೈ ಕೂತ್ಕೋಬೇಕು ಮಗಳೇ," ಎನ್ನುತ್ತಿದ್ದರು.

ಮೇಸ್ತ್ರಿಗೆ ಅರವತ್ತು ದಾಟಿತ್ತು. ಕಾರ್ಯಾಗಾರ ಅವರದೇ ಎನ್ನುವ ಹಾಗಿತ್ತು, ಅಲ್ಲಿನ ಕಟ್ಟುನಿಟ್ಟೂ ಅವರದೇ. ಒಬ್ಬರ ಅಚ್ಚಿಗೆ ಇನ್ನೊಬ್ಬರು ಕೈ ಹಾಕುವ ಹಾಗಿಲ್ಲ. ಗುರುತು ಹಾಕಿದವರೇ ಪಟ್ಟಿ ಸುತ್ತಬೇಕು, ಸುತ್ತಿದವರೇ ಕೆರೆಯಬೇಕು, ಕೆರೆದವರೇ ನಿಲ್ಲಿಸಿ ನಡೆಸಬೇಕು. ಕೆಲಸ ಬಿಟ್ಟು ಹೋಗುವವರು ಹೋಗುವ ದಿನ ತಮ್ಮ ಅಚ್ಚುಗಳನ್ನೆಲ್ಲ ತಮ್ಮ ಕೈಯಾರೆ ಒಡೆದು ಹೋಗಬೇಕು. ಅವರಿಂದ ಕಾಲು ಮಾಡಿಸಿಕೊಳ್ಳುತ್ತಿದ್ದವರು ಇನ್ನೊಬ್ಬರ ಹತ್ತಿರ ಮೊದಲಿನಿಂದ ಶುರು ಮಾಡಬೇಕು. ಎಂಟು ವರ್ಷದಲ್ಲಿ ಇಬ್ಬರು ಹಾಗೆ ಒಡೆದು ಹೋದದ್ದನ್ನು ಅವಳು ನೋಡಿದ್ದಳು.

ಅವಳ ಹೆಸರಿನಲ್ಲಿ ನಲವತ್ತೊಂದು ಅಚ್ಚು ಇದ್ದವು. ನಲವತ್ತು ಜನ ಈಗಾಗಲೇ ಕಾಲು ತೊಟ್ಟು ಓಡಾಡಿಕೊಂಡಿದ್ದರು, ನಿಧಾನವಾಗಿ ಹೊಸ ಅಚ್ಚು ತೆಗೆಸಿಕೊಂಡರೂ ನಡೆಯುತ್ತಿತ್ತು. ನಲವತ್ತೊಂದನೆಯವಳು ಕಂಡಕ್ಟರಮ್ಮ. ಬಸ್ಸಿನಿಂದ ಇಳಿಯುವಾಗ ಹಿಂದಿನ ಲಾರಿ ಗುದ್ದಿ ಮಂಡಿಯ ಕೆಳಗೆ ಎಡಗಾಲು ಹೋಗಿತ್ತು. ಇನ್ನು ಹತ್ತು ವಾರಕ್ಕೆ ಅವಳು ಬಸ್ ಕಚೇರಿಯವರ ಮುಂದೆ ನಡೆದು ತೋರಿಸಬೇಕು. ಮೆಟ್ಟಿಲು ಹತ್ತಿ ಇಳಿಯಬೇಕು. ತಪ್ಪಿದರೆ ಕೆಲಸವಿಲ್ಲ. ಮೊದಲ ಕಾಲು ಮೈಗೆ ಹೊಂದಿಕೊಳ್ಳಲು ಒಂಬತ್ತು ವಾರವಾದರೂ ಬೇಕು. ಸುಣ್ಣಿ ಹೊರಡಬೇಕಾದ್ದು ಆರು ವಾರಕ್ಕೆ. ಅವಳು ಹೋಗುವ ದಿನ ಆ ಅಚ್ಚು ಒಡೆದರೆ ಕಂಡಕ್ಟರಮ್ಮನ ಕೆಲಸವೂ ಅದರ ಜೊತೆಗೇ ಒಡೆಯುತ್ತದೆ.

ಅಚ್ಚು ತೆಗೆದ ಮಾರನೇ ದಿನ ಪತ್ರ ಬಂದಿತ್ತು. ಅಂದೇ ಮೇಸ್ತ್ರಿಗೆ ಹೇಳಿದ್ದರೆ ಬೇರೆ ಯಾರಾದರೂ ಶುರು ಮಾಡುತ್ತಿದ್ದರು. ಹೇಳಲಿಲ್ಲ. ನಾಳೆ ಹೇಳೋಣ, ನಾಡಿದ್ದು ಹೇಳೋಣ ಎಂದು ದೂಡಿ ದೂಡಿ ಶುಕ್ರವಾರವೇ ಬಂದುಬಿಟ್ಟಿತ್ತು.

ಹನ್ನೊಂದು ಗಂಟೆಗೆ ಇಳಿಜಾರಿನಲ್ಲಿ ಊರುಗೋಲಿನ ಟಕ್ ಟಕ್ ಕೇಳಿಸಿತು. ಕಂಡಕ್ಟರಮ್ಮ ಎಲ್ಲಿಗೆ ಬಂದರೂ ಮಾತು ಅವಳಿಗಿಂತ ಮೊದಲು ಬರುತ್ತಿತ್ತು.

"ಏನೇ ಹುಡುಗಿ, ಇವತ್ತಾದ್ರೂ ನಡೆಸ್ತೀಯಾ? ಹದಿನಾಲ್ಕು ವರ್ಷ ಜನಕ್ಕೆ ಮುಂದೆ ಹೋಗಿ ಮುಂದೆ ಹೋಗಿ ಅಂತ ಗಂಟಲು ಹರ್ಕೊಂಡೆ. ಯಾರ ಶಾಪ ತಟ್ಟಿತೋ, ಈಗ ನಂಗೇ ಒಂದು ಹೆಜ್ಜೆ ಮುಂದೆ ಹೋಗೋಕಾಗ್ತಿಲ್ಲ."

"ಕೂತ್ಕೊಳ್ಳಿ ಅಕ್ಕ. ಇವತ್ತು ಕಂಬಿ ಹಿಡಿದು ಹತ್ತು ಹೆಜ್ಜೆ."

"ಹತ್ತೇನಾ? ಬಸ್ಸಲ್ಲಿ ದಿನಕ್ಕೆ ಹತ್ತು ಮೈಲಿ ನಡೀತಿದ್ದೆ, ಅದೂ ಓಡೋ ಬಸ್ಸಲ್ಲಿ."

ಕಾಲು ತೊಡಿಸಿ ಎರಡು ಕಂಬಿಗಳ ನಡುವೆ ನಿಲ್ಲಿಸಿದಳು. ಹಿಂದೆ ತಾನೂ ನಿಂತಳು. ಒಂದು, ಎರಡು, ಮೂರು. ನಾಲ್ಕನೇ ಹೆಜ್ಜೆಗೆ ಕಂಡಕ್ಟರಮ್ಮನ ಮಾತು ನಿಂತಿತು. ಆರನೆಯದಕ್ಕೆ ಕಂಬಿ ಹಿಡಿದ ಗೆಣ್ಣುಗಳು ಬಿಳುಪಾದವು. ಮಾತಿನ ಮಲ್ಲಿ ಬಾಯಿ ಮುಚ್ಚಿದ್ದು ಕಂಡೇ ಸುಣ್ಣಿ ಬೆನ್ನಿಗೆ ಕೈ ಕೊಟ್ಟು ನಿಲ್ಲಿಸಿದಳು.

"ಸಾಕು. ಕೂತ್ಕೊಳ್ಳಿ."

ಬಟ್ಟಲು ಕಳಚಿ ಚೀಲ ಎಳೆದು ನೋಡಿದಳು. ಮಂಡಿಯ ಕೆಳಗೆ ಹೊರಮಗ್ಗುಲಿನಲ್ಲಿ ಒಂದು ಸಣ್ಣ ಮೂಳೆಯ ತಲೆ ಇರುತ್ತದೆ. ಅದರ ಮೇಲಿನ ಚರ್ಮ ಕೆಂಡದಂತೆ ಕೆಂಪಾಗಿತ್ತು. ಸುಲಿದಿರಲಿಲ್ಲ. ಇನ್ನು ನಾಲ್ಕು ಹೆಜ್ಜೆ ಹಾಕಿದ್ದರೆ ಸುಲಿಯುತ್ತಿತ್ತು.

ಬಟ್ಟಲು ಮುಟ್ಟಲೇಬಾರದ ಜಾಗ ಅದು. ಅಲ್ಲಿ ಅವಳು ಪ್ಲಾಸ್ಟರ್ ತುಂಬಿ ಎಡೆ ಬಿಟ್ಟಿದ್ದಳು, ಅದರಲ್ಲಿ ಅನುಮಾನವೇ ಇರಲಿಲ್ಲ. ಕಪಾಟಿನಿಂದ ಅಚ್ಚು ತಂದು ಕಂಡಕ್ಟರಮ್ಮನ ಕಾಲಿನ ಪಕ್ಕದಲ್ಲಿಟ್ಟಳು. ಕಾಲಿನ ಮೇಲೆ, ಮಂಡಿಚಿಪ್ಪಿನ ಅಂಚಿನಿಂದ ಮೂಳೆಯವರೆಗೆ ಬೆರಳಿಟ್ಟು ಅಳೆದಳು. ಎರಡು ಬೆರಳು. ಅಚ್ಚಿನ ಮೇಲೆ, ಅದೇ ಅಂಚಿನಿಂದ ನೇರಳೆ ಗುರುತಿನವರೆಗೆ ಅಳೆದಳು. ಮೂರು. ಮತ್ತೆ ಅಳೆದಳು. ಮೂರೇ.

ಗುರುತು ಒಂದು ಬೆರಳು ಕೆಳಗೆ ಜಾರಿತ್ತು. ಅವಳು ಕಣ್ಣಿಗೆ ಕಂಡ ಗುರುತನ್ನು ನಂಬಿ, ಮೂಳೆ ಇಲ್ಲದ ಕಡೆ ಎಡೆ ಬಿಟ್ಟು, ಇರುವ ಕಡೆ ಬಿಗಿ ಮಾಡಿದ್ದಳು.

ಯಾಕೆಂದು ಹೊಳೆಯಲು ಬಹಳ ಹೊತ್ತು ಬೇಕಾಗಲಿಲ್ಲ. ಅಚ್ಚು ತೆಗೆದ ದಿನ ಕಂಡಕ್ಟರಮ್ಮ, ಟಿಕೆಟ್ಟಿಲ್ಲದೆ ಸಿಕ್ಕಿಬಿದ್ದ ಒಬ್ಬ ವಕೀಲನ ಕಥೆ ಹೇಳುತ್ತಾ ಹೊಟ್ಟೆ ಹಿಡಿದು ನಕ್ಕಿದ್ದಳು. ನಗುವಾಗ ಸೊಂಟದ ಲಾಡಿ ಸಡಿಲವಾಗಿ, ಗುರುತು ಅಂಟಿದ್ದ ಒದ್ದೆ ಚೀಲ ಕೆಳಗೆ ಸರಿದದ್ದನ್ನು ಸುಣ್ಣಿ ಕಣ್ಣಾರೆ ಕಂಡಿದ್ದಳು. ಎರಡೂ ಕೈ ಒದ್ದೆ ಪ್ಲಾಸ್ಟರಿನಲ್ಲಿದ್ದವು. ಎರಡು ಮಾರು ದೂರದಲ್ಲಿ ಮೇಸ್ತ್ರಿ, ಪಕ್ಕದಲ್ಲಿ ಇನ್ನಿಬ್ಬರು, ಪದ್ಧತಿಯಂತೆ ಬೆನ್ನು ತಿರುಗಿಸಿ ತಮ್ಮ ತಮ್ಮ ಅಚ್ಚು ಕೆರೆಯುತ್ತಿದ್ದರು. "ಸ್ವಲ್ಪ ಲಾಡಿ ಎಳೀರಿ" ಎಂದು ಕೂಗಿದ್ದರೆ ಮುಗಿಯುತ್ತಿತ್ತು. ಆ ಕೋಣೆಯಲ್ಲಿ ಯಾರೂ ಹಾಗೆ ಕೂಗುವುದಿಲ್ಲ. ಅವಳೂ ಕೂಗಲಿಲ್ಲ.

"ಅಕ್ಕ," ಎಂದಳು. "ಇದು ನನ್ನ ತಪ್ಪು. ಅಚ್ಚೇ ತಪ್ಪಾಗಿದೆ."

"ಹೋಗ್ಲಿ ಬಿಡು, ಸರಿ ಮಾಡಿದ್ರಾಯ್ತು."

"ಇನ್ನೊಂದು ಮಾತಿದೆ." ಪತ್ರದ ವಿಷಯ ಹೇಳಿದಳು. ಆರು ವಾರ ಎಂದೂ ಹೇಳಿದಳು.

ಕಂಡಕ್ಟರಮ್ಮ ಅಚ್ಚನ್ನು ತನ್ನ ಕಾಲಿನಿಂದ ಆಚೆಗೆ ಸರಿಸಿದಳು. "ಅಂದ್ರೆ ಟಿಕೆಟ್ ಹರಿದು ಕೈಗೆ ಕೊಟ್ಟು, ಮಧ್ಯದಾರೀಲಿ ಇಳಿಸಿ ಹೋಗ್ತೀಯ."

"ಇನ್ನೂ ಒಪ್ಪಿಲ್ಲ. ಐದು ಗಂಟೆಯೊಳಗೆ ಹೇಳ್ಬೇಕು."

"ಮತ್ತೆ ನಂಗ್ಯಾಕೆ ಹೇಳ್ತಿದೀಯ? ನಾನು ಹೋಗು ಅನ್ಲಿ ಅಂತಾನಾ? ಅನ್ನಲ್ಲ. ಇರು ಅಂತಾನೂ ಅನ್ನಲ್ಲ. ನಿನ್ನ ಭಾರ ತಂದು ನನ್ನ ಮೇಲೆ ಹಾಕ್ಬೇಡ ಮಾರಾಯ್ತಿ, ನಂಗೆ ನಿಲ್ಲೋಕಿರೋದೇ ಒಂದು ಕಾಲು."

ದನಿ ಏರಿತ್ತು. ಮೇಸ್ತ್ರಿ ಅರ ಕೆಳಗಿಟ್ಟು ಬಂದರು.

"ಏನದು ಗಲಾಟೆ?"

"ನಿಮಗೆ ಗೊತ್ತಿಲ್ವಾ?" ಎಂದಳು ಕಂಡಕ್ಟರಮ್ಮ. "ನಿಮ್ಮ ಹುಡುಗಿ ಪರದೇಶಕ್ಕೆ ಓದೋಕೆ ಹೋಗ್ತಾಳಂತೆ. ಕಾಲು ಮಾಡೋದನ್ನೇ. ಇವತ್ತು ಐದು ಗಂಟೆಯೊಳಗೆ ಹೂಂ ಅನ್ಬೇಕಂತೆ."

ಬಟ್ಟೆ ಒಗೆಯುವ ಯಂತ್ರ ಮೇಲುಗಡೆ ಗಿರ್ರೆನ್ನುತ್ತಿತ್ತು. ಮೇಸ್ತ್ರಿ ಅವಳ ಮುಖ ನೋಡಲಿಲ್ಲ, ಕೈ ನೋಡಿದರು.

"ಎಷ್ಟು ದಿನದಿಂದ ಗೊತ್ತು?"

"ಹತ್ತೊಂಬತ್ತು."

"ಯಾವಾಗ ಹೇಳೋಣ ಅಂತಿದ್ದೆ? ವಿಮಾನ ಹತ್ತಿ ಕಿಟಕಿಯಿಂದಾನಾ?"

ಮೇಸ್ತ್ರಿ ತಮ್ಮ ಮೇಜಿನ ಖಾನೆ ಎಳೆದು ಒಂದು ಸಣ್ಣ ಸುತ್ತಿಗೆ ತಂದು ಅವಳ ಮುಂದಿಟ್ಟರು. ಜೋರಾಗಿ ಇಡಲಿಲ್ಲ. ಮೆಲ್ಲಗಿಟ್ಟದ್ದೇ ಹೆಚ್ಚು ನೋಯಿಸಿತು.

"ಹೋಗೋದಾದ್ರೆ ನಲವತ್ತೊಂದೂ ಒಡೆದು ಹೋಗು. ಇರೋದಾದ್ರೆ ಸುತ್ತಿಗೆ ವಾಪಸ್ ತಂದಿಡು. ಐದರವರೆಗೂ ಟೈಮ್ ಕೊಟ್ಟಿದಾರಲ್ಲ, ನಾನೂ ಅಷ್ಟೇ ಕೊಟ್ಟಿದೀನಿ."

ಎಂದು ತಮ್ಮ ಜಾಗಕ್ಕೆ ಹೋಗಿ ಬೆನ್ನು ತಿರುಗಿಸಿ ಕೂತರು.

ಊಟದ ಡಬ್ಬಿ ಅವಳು ತೆರೆಯಲಿಲ್ಲ. ಕಂಡಕ್ಟರಮ್ಮನೂ ಮನೆಗೆ ಹೋಗಲಿಲ್ಲ. ಗೋಡೆಯ ಬೆಂಚಿನ ಮೇಲೆ ಕಾಲು ಚಾಚಿ, ಕೆಂಪಾದ ಜಾಗಕ್ಕೆ ಒದ್ದೆ ಬಟ್ಟೆ ಇಟ್ಟುಕೊಂಡು, ಈ ಜಗಳದ ಕೊನೆ ನೋಡದೆ ಏಳುವುದಿಲ್ಲ ಎಂಬಂತೆ ಕೂತಳು. ಬರುಬರುತ್ತಾ ಕೋಣೆಯಲ್ಲಿ ಅರದ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಸುಣ್ಣಿ ಆ ಓದಿನ ಬಗ್ಗೆ ಯೋಚಿಸುತ್ತಿದ್ದಳು. ವಿಶ್ವವಿದ್ಯಾಲಯದ ವೆಬ್ ಪುಟದಲ್ಲಿ ಒಂದು ಚಿತ್ರವಿತ್ತು. ಬಟ್ಟಲಿಗೂ ಚರ್ಮಕ್ಕೂ ನಡುವೆ ಕಾಗದದಷ್ಟು ತೆಳ್ಳಗಿನ ಒಂದು ಹಾಳೆ ಇಟ್ಟು ನಡೆಸುತ್ತಾರೆ. ಯಾವ ಹೆಜ್ಜೆಗೆ ಎಲ್ಲಿ ಎಷ್ಟು ಭಾರ ಬಿತ್ತು ಎನ್ನುವುದು ಪರದೆಯ ಮೇಲೆ ಬಣ್ಣಬಣ್ಣವಾಗಿ ಹರಡುತ್ತದೆ. ಅದನ್ನು ಎಷ್ಟು ಸಲ ನೋಡಿದ್ದಳೋ. ಒಂದೇ ರೀತಿ ಕೆರೆದ ಎರಡು ಅಚ್ಚಿನಲ್ಲಿ ಒಬ್ಬ ಓಡುತ್ತಾನೆ, ಇನ್ನೊಬ್ಬ ಕಣ್ಣೀರಿಡುತ್ತಾನೆ, ಯಾಕೆ? ಎಂಟು ವರ್ಷದಿಂದ ಈ ಯಾಕೆ ಅವಳ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತ್ತು. ಅದನ್ನು ಕೇಳಬಹುದಾದ ಒಂದು ಕೋಣೆ ಭೂಮಿಯ ಮೇಲೆ ಇದೆ ಎಂದು ಗೊತ್ತಾದ ದಿನ ಅವಳು ಅರ್ಜಿ ಹಾಕಿದ್ದಳು. ಸಂದರ್ಶನದಲ್ಲಿ ಪರದೆಯಾಚೆಯ ಮೂವರು ಕೇಳಿದ್ದರಲ್ಲಿ ಅರ್ಧ ತಿಳಿದಿರಲಿಲ್ಲ. ತಿಳಿಯದ ಪ್ರಶ್ನೆಗೆಲ್ಲ ಒಂದು ಅಚ್ಚು ಎತ್ತಿ ಹಿಡಿದು ಬೆರಳಿನಿಂದ ತೋರಿಸಿದ್ದಳು. ಅದನ್ನೇ ಮೆಚ್ಚಿದರೋ, ಪಾಪ ಎಂದುಕೊಂಡರೋ ಗೊತ್ತಿಲ್ಲ.

ಗೋಡೆಯ ಗಡಿಯಾರ ಮೂರೂವರೆ ತೋರಿಸುತ್ತಿತ್ತು.

ಅವಳು ಎದ್ದಳು. ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದು ಕೈಯಲ್ಲಿ ಕಂಡಕ್ಟರಮ್ಮನ ಅಚ್ಚು. ಎರಡನ್ನೂ ಒಯ್ದು ಮೇಸ್ತ್ರಿಯ ಮೇಜಿನ ಮೇಲಿಟ್ಟಳು.

"ಮೇಸ್ತ್ರಿ, ಇದನ್ನೊಂದು ಸಲ ಕೈಯಲ್ಲಿ ನೋಡಿ."

ಅವರು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡರು. "ನಂಗೆ ಹೇಳಿಕೊಡ್ತೀಯಾ? ಇನ್ನೊಬ್ಬರ ಅಚ್ಚು ಮುಟ್ಟಲ್ಲ. ಯಾಕಂತ ಗೊತ್ತಿದೆ ನಿಂಗೆ."

ಗೊತ್ತಿತ್ತು. ಇಪ್ಪತ್ತೆರಡು ವರ್ಷದ ಹಿಂದೆ ಮೇಸ್ತ್ರಿಯ ಗೆಳೆಯನೊಬ್ಬ ಅರ್ಧ ಕೆರೆದ ಅಚ್ಚು ಬಿಟ್ಟು ತೀರಿಕೊಂಡಿದ್ದ. ಅದನ್ನು ಮೇಸ್ತ್ರಿ ಮುಗಿಸಿಕೊಟ್ಟರು. ತೊಟ್ಟವನಿಗೆ ಹುಣ್ಣಾಗಿ, ಹುಣ್ಣು ಕೊಳೆತು, ಮಂಡಿಯ ಮೇಲಕ್ಕೆ ಮತ್ತೆ ಕತ್ತರಿಸಬೇಕಾಯಿತು. ಒಬ್ಬರ ಕೈ ಏನು ಯೋಚಿಸಿತ್ತೋ ಇನ್ನೊಬ್ಬರ ಕೈಗೆ ತಿಳಿಯುವುದಿಲ್ಲ ಎಂದು ಅಂದು ತೀರ್ಮಾನಿಸಿದವರು ಇಂದಿಗೂ ಬದಲಾಯಿಸಿರಲಿಲ್ಲ.

"ಅವತ್ತಿನ ಹುಣ್ಣು ಎಲ್ಲಾಗಿತ್ತು ಮೇಸ್ತ್ರಿ?"

ಮೇಸ್ತ್ರಿ ಮುಖ ಗೋಡೆಯ ಕಡೆ ತಿರುಗಿಸಿದರು.

"ಹೊರಗಡೆ ಮೂಳೆ ಮೇಲಾ?"

"ಅದ್ಯಾಕೆ ಈಗ?"

"ಇಲ್ಲಿ ನೋಡಿ. ಗುರುತು ಇಲ್ಲಿದೆ. ಮೂಳೆ ಇಲ್ಲಿಲ್ಲ. ನಾನು ಗುರುತನ್ನ ನಂಬಿದೆ. ಅವರು ನಕ್ಕಾಗ ಲಾಡಿ ಸಡಿಲ ಆಗಿ ಚೀಲ ಜಾರ್ತು. ನಂಗೆ ಕಾಣ್ತಾ ಇತ್ತು, ಕೈ ಬಿಡೋ ಹಾಗಿರಲಿಲ್ಲ. ಹಿಡ್ಕೊಳ್ಳೋಕೆ ಯಾರೂ ಇರಲಿಲ್ಲ. ಇದ್ರಿ ನೀವೆಲ್ಲ, ಆದ್ರೆ ಇರಲಿಲ್ಲ."

ಕೊನೆಯ ಮಾತು ಬೇಕೆಂದು ಆಡಿದ್ದಲ್ಲ. ಪಕ್ಕದವರ ಅರ ನಿಂತಿತು.

ಮೇಸ್ತ್ರಿಯ ಹಿಂದೆ ಕಟ್ಟಿದ ಕೈಯಲ್ಲಿ ಒಂದು ಬಿಡಿಸಿಕೊಂಡಿತು. ಸೊಟ್ಟ ಹೆಬ್ಬೆರಳು ಮುಂದೆ ಬಂದು ಅಚ್ಚಿನ ಮೇಲೆ, ನೇರಳೆ ಗುರುತಿನಿಂದ ಸ್ವಲ್ಪ ಮೇಲೆ ನಿಂತಿತು. ಅಲ್ಲೇ ಒತ್ತಿ, ಸುತ್ತಿ, ಮತ್ತೆ ಒತ್ತಿತು.

"ಇಲ್ಲಿದೆ ಮೂಳೆ," ಎಂದರು ತಮಗೆ ತಾವೇ. ತುಂಬ ಹೊತ್ತು ಬೆರಳು ತೆಗೆಯಲಿಲ್ಲ. "ಅವನೂ ಒಬ್ಬನೇ ಸುತ್ತಿದ್ದ. ಅವತ್ತು ಬೇರೆ ಯಾರೂ ಬಂದಿರಲಿಲ್ಲ ಕೆಲಸಕ್ಕೆ. ನಾನು ಅವನ ಗುರುತು ನೋಡ್ಕೊಂಡೇ ತುಂಬಿದೆ. ಕೈಯಲ್ಲಿ ಹುಡುಕಲೇ ಇಲ್ಲ. ಸತ್ತೋನ ಗುರುತು, ತಪ್ಪಿರುತ್ತೆ ಅಂತ ಹೇಗೆ ಅಂದ್ಕೊಳ್ಳೋದು?"

ಸುಣ್ಣಿ ಸುತ್ತಿಗೆ ಎತ್ತಿಕೊಂಡಳು. ಒಂದೇ ಏಟಿಗೆ ಅಚ್ಚು ಎರಡಾಯಿತು. ಬೆಂಚಿನ ಮೇಲೆ ಕಂಡಕ್ಟರಮ್ಮ "ಅಯ್ಯೋ!" ಎಂದಳು, ತನ್ನ ಮೈಗೇ ಏಟು ಬಿದ್ದ ಹಾಗೆ.

"ಹೋಗ್ತೀನಿ ಅಂತ ಒಡೆದಿದ್ದಲ್ಲ," ಎಂದಳು ಸುಣ್ಣಿ. "ನಾನು ಹೋಗ್ಲಿ, ಇರ್ಲಿ, ಇದು ಒಡೀಲೇಬೇಕಿತ್ತು. ಹೊಸದು ಇವತ್ತೇ ತೆಗೀಬೇಕು. ಬಟ್ಟಲು ಆಗೋಕೇ ಒಂದು ವಾರ, ಇವತ್ತು ಬಿಟ್ರೆ ನಡೆಯೋಕೆ ಒಂಬತ್ತು ವಾರ ಸಿಗಲ್ಲ. ಚೀಲ ಹಿಡಿಯೋಕೆ ಇನ್ನೊಬ್ಬರು ಬೇಕು. ಇಬ್ಬರ ಕೈ ಬೇಕು ಮೇಸ್ತ್ರಿ."

ಮೇಸ್ತ್ರಿ ಒಡೆದ ಚೂರು ನೋಡುತ್ತಾ ನಿಂತಿದ್ದರು. ನಾಲ್ಕು ಗಂಟೆಯಾಯಿತು. ನಾಲ್ಕು ದಾಟಿ ಐದು ನಿಮಿಷವಾಯಿತು.

"ಸ್ವಾಮಿ," ಬೆಂಚಿನಿಂದ ದನಿ ಬಂತು. "ನಿಮ್ಮಲ್ಲಿ ಯಾರ ಅಚ್ಚು, ಯಾರ ಕೈ ಅನ್ನೋದು ನಂಗೆ ಗೊತ್ತಿಲ್ಲ. ಕಾಲು ನಂದು. ಬೆಳಗ್ಗೆಯಿಂದ ಯಾರೂ ನನ್ನ ಒಂದು ಮಾತು ಕೇಳಿಲ್ಲ. ಡ್ರೈವರ್ ಬದಲಾದ್ರೆ ಪ್ಯಾಸೆಂಜರ್‌ನ ಕೆಳಗಿಳಿಸಿ ಮತ್ತೆ ಮೊದಲನೇ ಸ್ಟಾಪಿಂದ ಹತ್ತಿಸ್ತಾರಾ ಎಲ್ಲಾದ್ರೂ? ಬನ್ನಿ, ಹಿಡೀರಿ, ಸುತ್ತಿ. ನಾನು ಇವತ್ತು ನಗಲ್ಲ, ಆಣೆಗೂ ನಗಲ್ಲ."

ಪಕ್ಕದವನೊಬ್ಬ ಕಿಸಕ್ಕೆಂದ. ಮೇಸ್ತ್ರಿ ಅವನತ್ತ ಒಮ್ಮೆ ನೋಡಿದರು. ಆಮೇಲೆ ತೋಳು ಮಡಚಿ ಬೇಸಿನ್ನಿಗೆ ನೀರು ಬಿಟ್ಟರು.

"ನಾನು ಸುತ್ತೀನಿ," ಎಂದರು. "ನೀನು ಹಿಡಿ."

ಸುಣ್ಣಿ ತಲೆ ಎತ್ತಿ ನೋಡಿದಳು. ಸುತ್ತಿದವರೇ ಕೆರೆಯಬೇಕು, ಕೆರೆದವರೇ ನಡೆಸಬೇಕು. ಮೇಸ್ತ್ರಿ ಸುತ್ತಿದರೆ ಆ ಕಾಲು ಮೇಸ್ತ್ರಿಯದು, ಪರೀಕ್ಷೆಯ ದಿನದವರೆಗೂ. ಅವರು ಅಷ್ಟು ಮಾತ್ರ ಹೇಳಿದರು. ಪತ್ರದ ಬಗ್ಗೆ ಒಂದು ಸೊಲ್ಲೂ ಎತ್ತಲಿಲ್ಲ.

ಮೇಸ್ತ್ರಿ ಕಣ್ಣು ಮುಚ್ಚಿ ಮೂಳೆ ಹುಡುಕಿ ಗುರುತು ಹಾಕಿದರು. ಕೆಂಪಾದ ಜಾಗಕ್ಕೆ ತೆಳುವಾದ ಹತ್ತಿ ಇಟ್ಟರು. ಚೀಲ ತೊಡಿಸಿದರು. ಸುಣ್ಣಿ ಕಂಡಕ್ಟರಮ್ಮನ ಹಿಂದೆ ಸ್ಟೂಲಿನ ಮೇಲೆ ಕೂತು, ಎರಡೂ ಕೈಯಲ್ಲಿ ಚೀಲದ ತುದಿ ಬಿಗಿಯಾಗಿ ಎಳೆದು ಹಿಡಿದಳು. ನಾಲ್ಕು ಇಪ್ಪತ್ತೈದಕ್ಕೆ ಮೊದಲ ಒದ್ದೆ ಪಟ್ಟಿ ಬಿತ್ತು.

ಕಂಡಕ್ಟರಮ್ಮ ತುಟಿ ಕಚ್ಚಿ ಕೂತಿದ್ದಳು. "ನಗು ಬರ್ತಿದೆ," ಎಂದಳು ಒಮ್ಮೆ.

"ಅಳೋ ವಿಷಯ ನೆನೆಸ್ಕೊಳ್ಳಿ ತಾಯಿ," ಎಂದರು ಮೇಸ್ತ್ರಿ.

"ಅದಕ್ಕೇನು ಬರ ಇಲ್ಲ, ನೀವು ಸುತ್ತಿ."

ಮೂರು ಸುತ್ತು. ನಾಲ್ಕು. ಮೇಸ್ತ್ರಿಯ ಅಂಗೈ ಪ್ಲಾಸ್ಟರಿನ ಮೇಲೆ ನಿಧಾನವಾಗಿ ಓಡಾಡಿತು. ಹೆಬ್ಬೆರಳುಗಳು ಮಂಡಿಯ ಕೆಳಗೆ ಊರಿ ನಿಂತವು. ಇನ್ನು ಗಟ್ಟಿಯಾಗುವವರೆಗೆ ಯಾರೂ ಅಲುಗಾಡುವ ಹಾಗಿರಲಿಲ್ಲ.

ಗಡಿಯಾರ ಅವಳಿಗೆ ನೇರ ಎದುರಿಗಿತ್ತು. ನಾಲ್ಕು ಮೂವತ್ತೆಂಟು. ನೆಲಮಾಳಿಗೆಯಲ್ಲಿ ಫೋನಿಗೆ ಸಿಗ್ನಲ್ ಬರುವುದಿಲ್ಲ. ಮೆಟ್ಟಿಲು ಹತ್ತಿ ಅಂಗಳಕ್ಕೆ ಹೋಗಬೇಕು. ಪುಟ ತೆರೆಯಬೇಕು, ಹೆಸರು ಹಾಕಬೇಕು, ಗುಟ್ಟಿನ ಅಂಕಿ ಹಾಕಬೇಕು. ಐದು ನಿಮಿಷ ಬೇಕು. ಹತ್ತು ಎಂದಿಟ್ಟುಕೊಂಡರೂ ಸಮಯವಿತ್ತು.

ಆಗ ಅವಳಿಗೆ ನಿಜವಾಗಿ ಹೆದರಿಕೆಯಾಯಿತು. ಹತ್ತೊಂಬತ್ತು ದಿನ ಕಂಡಕ್ಟರಮ್ಮನ ಕಾಲನ್ನು ಎದುರಿಗೆ ನಿಲ್ಲಿಸಿಕೊಂಡು ಅದರ ಹಿಂದೆ ಕೂತಿದ್ದಳು. ಈಗ ಆ ಕಾಲು ಮೇಸ್ತ್ರಿಯ ಅಂಗೈಯೊಳಗಿತ್ತು. ಎದುರಿಗೆ ಯಾರೂ ಇರಲಿಲ್ಲ. ಪರದೆಯಾಚೆಯ ಆ ಮೂವರು, ಅರ್ಧ ಮಾತ್ರ ತಿಳಿಯುವ ಅವರ ಮಾತು, ತನಗಿಂತ ಏಳೆಂಟು ವರ್ಷ ಚಿಕ್ಕವರ ನಡುವೆ ಬೆಂಚಿನ ಮೇಲೆ ಕೂತ ತಾನು, ಯಾವ ಸದ್ದಿಗೆ ಎಚ್ಚರವಾಗುತ್ತದೋ ಗೊತ್ತಿಲ್ಲದ ಒಂದು ಕೋಣೆ. ಎಲ್ಲ ಒಟ್ಟಿಗೆ ಕಂಡವು. ಎರಡು ವರ್ಷ ಅರ ಹಿಡಿಯದೆ ಕೈ ಮರೆತುಹೋದರೆ? ಅಲ್ಲಿಯ ಬಣ್ಣದ ಪರದೆ ಅರ್ಥವಾಗದೆ, ಇಲ್ಲಿಯ ಬೆರಳೂ ಮೊಂಡಾಗಿ, ಎರಡೂ ಕಡೆ ಸಲ್ಲದವಳಾಗಿ ವಾಪಸ್ ಬಂದರೆ?

ನಾಲ್ಕು ನಲವತ್ತಾರು. ಸುಮ್ಮನೆ ಹಿಡಿದು ಕೂತರೆ ಸಾಕು. ಐದು ತಾನಾಗಿ ದಾಟುತ್ತದೆ. ಯಾರು ಕೇಳಿದರೂ ಚೀಲ ಹಿಡಿದಿದ್ದೆ, ಕೈ ಬಿಡುವ ಹಾಗಿರಲಿಲ್ಲ ಎನ್ನಬಹುದು. ಅಣ್ಣ ಕೂಡ ನಂಬುತ್ತಾನೆ.

ಮೇಸ್ತ್ರಿ ಗೆಣ್ಣಿನಿಂದ ಪ್ಲಾಸ್ಟರ್ ತಟ್ಟಿದರು. ಟಕ್ಕೆಂದಿತು.

"ಆಯ್ತು. ಬಿಡು."

ಅವಳು ಬಿಡಲಿಲ್ಲ.

"ಆಯ್ತು ಅಂದೆನಲ್ಲ."

"ಇನ್ನೊಂದು ಸ್ವಲ್ಪ ಹೊತ್ತು. ಒಳಗೆ ಒದ್ದೆ ಇರಬಹುದು."

ಮೇಸ್ತ್ರಿ ತಲೆ ಎತ್ತಿ ಮೊದಲು ಅವಳನ್ನು, ಆಮೇಲೆ ಗಡಿಯಾರವನ್ನು ನೋಡಿದರು. ಬೈಯುತ್ತಾರೆ ಎಂದುಕೊಂಡಳು. ಅವರು ಬೈಯಲಿಲ್ಲ, ಇರು ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಕಂಡಕ್ಟರಮ್ಮ ಕತ್ತು ಹಿಂದಕ್ಕೆ ತಿರುಗಿಸಿದಳು.

"ಕಲ್ಲಾಗಿದೆ ಕಣೇ. ನನ್ನ ಸೊಂಟಾನೂ ಕಲ್ಲಾಗಿದೆ. ಇನ್ನೂ ಏನು ಹಿಡ್ಕೊಂಡಿದೀಯ?"

ಬೆರಳುಗಳು ಮರಗಟ್ಟಿದ್ದವು. ಒಂದೊಂದಾಗಿ ಬಿಡಿಸಬೇಕಾಯಿತು. ಬಟ್ಟೆಯ ತುದಿ ಅವಳ ಕೈಯಿಂದ ಜಾರಿ ಕಂಡಕ್ಟರಮ್ಮನ ಮಡಿಲಿಗೆ ಬಿತ್ತು. ಚೀಲ ಒಂದು ಎಳೆಯಷ್ಟೂ ಸರಿದಿರಲಿಲ್ಲ. ಅದನ್ನು ನೋಡಿ ಖಚಿತಪಡಿಸಿಕೊಂಡು ಎದ್ದಳು. ಏಪ್ರನ್ನಿಗೆ ಕೈ ಒರೆಸಿ, ಮೇಜಿನ ಮೇಲಿದ್ದ ಫೋನ್ ತೆಗೆದುಕೊಂಡಳು. ನಾಲ್ಕು ನಲವತ್ತೊಂಬತ್ತು.

"ಎಲ್ಲಿಗೆ?" ಪಕ್ಕದವನು ಕೇಳಿದ.

"ಮೇಲಕ್ಕೆ. ಹೂಂ ಅಂತ ಹೇಳಿ ಬರ್ತೀನಿ."

ಮೇಸ್ತ್ರಿ ಕತ್ತರಿ ತೆಗೆದು ಪ್ಲಾಸ್ಟರಿನ ಅಂಚು ಬಿಡಿಸತೊಡಗಿದ್ದರು. ತಲೆ ಎತ್ತದೆಯೇ ಹೇಳಿದರು: "ಹಾಗಾದ್ರೆ ಆ ಮಿಕ್ಕ ನಲವತ್ತಕ್ಕೆ ಸುತ್ತಿಗೆ ಹಾಕ್ಬೇಡ. ಎಲ್ಲೆಲ್ಲಿ ಕೆರೆದಿದೀಯ, ಎಲ್ಲೆಲ್ಲಿ ತುಂಬಿದೀಯ, ಯಾಕೆ ಅಂತ ಒಂದೊಂದರ ಮೇಲೂ ಬರೆದು, ನಾಳೆಯಿಂದ ನನ್ನ ಜೊತೆ ಕೂತು ಒಂದೊಂದನ್ನೇ ಕೈಲಿ ಮುಟ್ಟಿ ತೋರಿಸಿ, ಆಮೇಲೆ ಯಾರು ಯಾರಿಗೆ ಅಂತ..."

ಅವಳು ಅಷ್ಟರಲ್ಲಿ ಐದನೇ ಮೆಟ್ಟಿಲ ಮೇಲಿದ್ದಳು, ಫೋನನ್ನು ಬೆಳಕಿನ ಕಡೆ ಎತ್ತಿ ಹಿಡಿದು, ಹಿಂತಿರುಗದೆ.